ಲಕ್ಕಿ ಕಡ್ಡಿ ಚುಚ್ಚಿದ ಗುಡ್ಡೆ

ಆ ಪಟೇಲನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಾನು ಮದುವೆಯಾಗಿ ಹನಕೆರೆ ಕಡೆಯ ಹಳ್ಳಿಗೆ ಬಂದ ಹೊಸತು. ಯುದ್ಧದ ಕಾಲ. ರೋಗ ಬಂದು ಎತ್ತು, ಹಸು ಎಲ್ಲ ಸತ್ತು ನಮ್ಮ ಕೊಟ್ಟಿಗೆ ಬರಿದಾಗಿತ್ತು. ದನವಿಲ್ಲದ ಮನೆಗೆ ಗೊಬ್ಬರ ಎಲ್ಲಿಂದ ಬರಬೇಕು? ಗೊಬ್ಬರವಿಲ್ಲದಿದ್ದರೆ ಇದ್ದ ಒಂದೇ ತುಂಡು ಗದ್ದೆಯಲ್ಲಿ ಭತ್ತವೆಲ್ಲ ಜೊಳ್ಳು. ಮನೆಯವರೆಲ್ಲರ ಅನ್ನ ಅದರಲ್ಲೇ ಆಗಬೇಕಿತ್ತು.

ಅದಕ್ಕೇ ಅತ್ತೆಯೂ ನಾನೂ ಕೆರೆಗಿಳಿದೆವು. ಸೊಂಟದುದ್ದ ನೀರಿನಲ್ಲಿ ನಿಂತು, ಜಿಗಣೆ ಕಚ್ಚಿಸಿಕೊಂಡು, ತೇಲುವ ಅಂತರಗಂಗೆಯನ್ನು ಬಾಚಿ ಏರಿಯ ಮೇಲೆ ಗುಡ್ಡೆ ಹಾಕಿದೆವು. ಆ ಗಿಡ ಬಾಡಿ ಕೊಳೆತರೆ ಗೊಬ್ಬರ. ಹಸಿಯಾಗಿ ಗದ್ದೆ ನೀರಿಗೆ ಹಾಕಿದರೆ ಅಲ್ಲೇ ಬದುಕಿಕೊಳ್ಳುತ್ತದೆ. ಗುಡ್ಡೆಯ ನೆತ್ತಿಗೆ ಅತ್ತೆ ಲಕ್ಕಿ ಗಿಡದ ಕಡ್ಡಿಯೊಂದನ್ನು ಚುಚ್ಚಿದರು. ಕಡ್ಡಿ ಚುಚ್ಚಿದ್ದನ್ನು ಚುಚ್ಚಿದವರೇ ತೆಗೆಯಬೇಕು, ಬೇರೆಯವರು ಮುಟ್ಟಬಾರದು. ಊರಿನ ಕಟ್ಟಳೆ ಅದು, ಕಳ್ಳರೂ ಮೀರುತ್ತಿರಲಿಲ್ಲ.

ಪಟೇಲ ಮೀರಿದ. ಆಳೆತ್ತರ ತಿಪ್ಪೆ ಇದ್ದವನು! ಹೊಸದಾಗಿ ನಾಲೆ ನೀರು ಬಂದ ಅವನ ಗದ್ದೆಗಳಿಗೆ ಎಷ್ಟು ಸುರಿದರೂ ಸಾಲದಂತೆ. ಹಾಡಹಗಲೇ ಗಾಡಿ ಕಟ್ಟಿಸಿ ನಮ್ಮ ಗುಡ್ಡೆ ಹೇರಿಸಿಕೊಂಡು ಹೋದ. ಕೇಳಹೋದರೆ, ಕೆರೆಯಲ್ಲಿರುವುದು ಯಾರಪ್ಪನ ಮನೆಯ ಗಂಟೂ ಅಲ್ಲ ಎಂದು ಜಗಲಿಯಿಂದ ಏಳದೆಯೇ ಅಂದ. ನ್ಯಾಯ ಹೇಳಬೇಕಾದ ಯಜಮಾನರೆಲ್ಲ ನೆಲ ನೋಡುತ್ತ ಕೂತರು. ಥೂ, ಅವರದೂ ಒಂದು ಮೀಸೆಯೇ!

ಗುಡ್ಡೆಯ ಮೇಲ್ಭಾಗವೆಲ್ಲ ಹಿಂದಿನ ದಿನ ಎಳೆದದ್ದು, ಇನ್ನೂ ಹಸಿ. ಅವನ ಆಳುಗಳಿಗೆ ಗೊತ್ತಿತ್ತು. ಅವರೂ ಬಾಯಿ ಬಿಡಲಿಲ್ಲ. ನಾಟಿ ಮುಗಿದ ಮೇಲೆ ಅವನ ಗದ್ದೆಯ ನೀರಲ್ಲಿ ಅಂತರಗಂಗೆ ಚಿಗುರಿ, ಎಳೆ ಪೈರನ್ನು ಮುಚ್ಚುತ್ತ ಹೋಯಿತು. ಆಗ ನಾಚಿಕೆಗೆಟ್ಟವನು ಏನು ಹೇಳಿ ಕಳಿಸಿದ ಗೊತ್ತೆ? ನಿಮ್ಮ ಕಸ, ನೀವೇ ಬಂದು ಕಿತ್ತುಕೊಂಡು ಹೋಗಿ ಎಂದು.

ನಾನು ಬೈಯುತ್ತ ನಿಂತೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಹಿಂದೆಯೇ ಓಡಿದೆ. ಪಟೇಲನೂ ಆಳುಗಳೂ ಬದುವಿನ ಮೇಲೆ ನಿಂತಿದ್ದರು. ಅತ್ತೆ ಕೆಸರಿಗಿಳಿದು ಅವನ ಗದ್ದೆಯ ನಡುವೆ ಒಂದು ಲಕ್ಕಿ ಕಡ್ಡಿ ನೆಟ್ಟರು.

"ನಮ್ ಕಸ ಅಂತ ನೀನೇ ಯೋಳ್ ಕಳ್ಸಿದ್ದೀಯ ಕಣಪ್ಪ. ನೀರು ಬತ್ತಿ ಬಾಡ್ದ ಮ್ಯಾಲೆ ಒತ್ಕೊಂಡೋಯ್ತೀನಿ. ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ."

ಪಟೇಲ ಆಳುಗಳ ಮೇಲೆ ಕೂಗಾಡಿದ. ಕಸ ನಮ್ಮದೆಂದು ಅವನ ಬಾಯಿಂದಲೇ ಬಂದಿತ್ತಲ್ಲ, ಈ ಸಲ ಒಬ್ಬನೂ ಗದ್ದೆಗೆ ಕಾಲಿಡಲಿಲ್ಲ. ಅವನ ಪೈರು ಅಲ್ಲೇ ಕೊಳೆಯಿತು.

ನಮ್ಮ ಗದ್ದೆಯಲ್ಲೂ ಆ ಸಲ ಜೊಳ್ಳೇ. ಅವನು ಕಣಜದ ಹಳೆ ಭತ್ತ ಕುಟ್ಟಿಸಿ ಉಂಡ. ನಾವು ಅಂಬಲಿ ಕುಡಿದೆವು.