ಕಾಂಪೌಂಡರ ಗಿಟಾರಿನ ನೆಗಡಿ

ಹೋದ ವಾರ ಹಳೆಯ ವಾಲ್ವ್ ರೇಡಿಯೋ ಒಂದನ್ನು ಚಿಕ್ಕಮಗಳೂರಿನ ರಿಪೇರಿ ಅಂಗಡಿಗೆ ಕೊಂಡುಹೋಗಿದ್ದೆ. ಅಂಗಡಿಯಾತ ಹಿಂಬದಿಯ ಹಲಗೆ ಬಿಚ್ಚಿ ಸ್ವಿಚ್ ಹಾಕಿದ. ವಾಲ್ವುಗಳು ನಿಧಾನವಾಗಿ ಕೆಂಪಾದವು. ಎಷ್ಟೋ ವರ್ಷದ ಧೂಳು ಬಿಸಿಯಾಗಿ, ಮೇಣ ಕರಗಿದಂಥ ವಾಸನೆ ಎದ್ದಿತು. ರೇಡಿಯೋ ಹಾಡಲಿಲ್ಲ. ನನಗೆ ಮಾತ್ರ ನಮ್ಮ ಪಕ್ಕದ ಮನೆಯ ಕಾಂಪೌಂಡರು ನೆನಪಾದರು...

ಮದುವೆಯಾಗಿ ನಾನು ಮಲ್ಲಂದೂರಿನ ಕಡೆಯ ಎಸ್ಟೇಟಿಗೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ನಮ್ಮವರು ಅಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ನಮ್ಮ ಕ್ವಾರ್ಟರ್ಸಿಗೂ ಎಸ್ಟೇಟಿನ ಡಿಸ್ಪೆನ್ಸರಿಗೂ ನಡುವೆ ಒಂದೇ ಗೋಡೆ. ಆಚೆ ಕಡೆ ಕಾಂಪೌಂಡರು ಒಬ್ಬರೇ ಇದ್ದರು, ಐವತ್ತು ದಾಟಿದವರು. ಒಂದು ಕಾಲಕ್ಕೆ ಬಹಳ ಚೆನ್ನಾಗಿ ಹಾಡುತ್ತಿದ್ದರಂತೆ. ಗಂಟಲಿನ ಕಾಯಿಲೆಯೊಂದು ಬಂದು ಸ್ವರ ಹೋಯಿತು, ಉಳಿದದ್ದು ಪಿಸುಮಾತು. ಔಷಧಿ ಹೇಗೆ ತೆಗೆದುಕೊಳ್ಳಬೇಕೆಂದು ಕೇಳಿಸಿಕೊಳ್ಳಲು ಆಳುಗಳು ಅವರ ಬಾಯಿಯ ಹತ್ತಿರ ಕಿವಿ ಹಿಡಿಯಬೇಕಿತ್ತು. ಆದರೂ ಬಾಯಿ ಮುಕ್ಕಳಿಸುವುದನ್ನು ಕುಡಿದವರು, ಕುಡಿಯುವುದನ್ನು ಮಂಡಿಗೆ ಹಚ್ಚಿಕೊಂಡವರು ಇದ್ದೇ ಇದ್ದರು. ಯಾರಿಗೂ ಏನೂ ಆಗಲಿಲ್ಲ. ಅವರ ಔಷಧಿ ಅಷ್ಟು ಸಾಧುವಾಗಿತ್ತು.

ಎಸ್ಟೇಟಿನ ಚಿಕ್ಕ ದೊರೆಗೆ ಮಲೇರಿಯಾ ಬಂದಾಗ ಕಾಂಪೌಂಡರು ಹದಿನೈದು ದಿನ ಪಕ್ಕದಲ್ಲಿ ಕೂತು ನೋಡಿಕೊಂಡಿದ್ದರು. ಯುದ್ಧಕ್ಕೆ ಹೊರಡುವಾಗ ಆತ ತನ್ನ ಎಲೆಕ್ಟ್ರಿಕ್ ಗಿಟಾರನ್ನು ಇವರಿಗೆ ಕೊಟ್ಟುಹೋದ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ತಂತಿಗಳ ಮೇಲೆ ಉಕ್ಕಿನ ಸರಳೊಂದನ್ನು ಜಾರಿಸಿ ನುಡಿಸುವಂಥದ್ದು. ತಂತಿಗಳ ಕೆಳಗೆ ಅಂಟಿದಂತೆ ಒಂದು ಅಯಸ್ಕಾಂತ. ಅಲ್ಲಿಂದ ಒಂದು ವೈರು ಮರದ ಪೆಟ್ಟಿಗೆಗೆ. ಪೆಟ್ಟಿಗೆಯೊಳಗೆ ವಾಲ್ವುಗಳು, ಒಂದು ಸ್ಪೀಕರು, ಮುಂದೆ ಎರಡು ತಿರುಪು: ಒಂದು ಶಬ್ದಕ್ಕೆ, ಇನ್ನೊಂದು ನಾದಕ್ಕೆ. ಸರಳು ಜಾರಿಸಿದರೆ ಸ್ವರದಿಂದ ಸ್ವರಕ್ಕೆ ಮನುಷ್ಯರ ಗಂಟಲು ಜಾರಿದ ಹಾಗೆಯೇ ಜಾರುತ್ತಿತ್ತು. ಕಾಂಪೌಂಡರಿಗೆ ಬೇಕಾದದ್ದು ಅದೇ.

ಎಸ್ಟೇಟಿನ ಕರೆಂಟು ಪಲ್ಪರ್ ಓಡಿಸುವ ಎಂಜಿನ್ನಿನದು. ಕುಯ್ದ ಕಾಫಿ ಹಣ್ಣು ಸಂಜೆ ಬಂದು, ಸಿಪ್ಪೆ ಬಿಡಿಸಲು ಎಂಜಿನ್ ಶುರುವಾದರೆ ಡಿಸ್ಪೆನ್ಸರಿಗೂ ಕರೆಂಟು. ಮೊದಲನೆಯ ಸಂಜೆ ಅವರು ನುಡಿಸಿದ್ದೇ ತಡ, ಆಳುಗಳ ಮನೆಸಾಲಿನ ಲೈನಿನಿಂದ ನಾಲ್ಕು ಹೆಂಗಸರು ಬಿಸಿನೀರು ಹಿಡಿದು ಓಡಿ ಬಂದರು. ಯಾರಿಗೋ ಹೆರಿಗೆ ಕಷ್ಟವಾಗಿದೆ ಎಂದುಕೊಂಡಿದ್ದರು.

ನಾನು ತವರಿನಲ್ಲಿ ಪಿಟೀಲು ಕಲಿತವಳು. ಅದು ಹೇಗೋ ಅವರ ಕಿವಿಗೆ ಬಿತ್ತು. ಮರುದಿನ ನಮ್ಮ ಜಗಲಿಗೆ ಬಂದು, "ತಾಯಿ, ನನ್ನ ಕಿವಿ ನಂಗೇ ಮೋಸ ಮಾಡ್ತದೆ. ನೀವು ಕೇಳಿ ಹೇಳ್ಬೇಕು," ಎಂದು ಪಿಸುಗುಟ್ಟಿದರು. ಹೊಸ ಸೊಸೆ ಡಿಸ್ಪೆನ್ಸರಿಯಲ್ಲಿ ಕೂರುವುದು ಚೆನ್ನಾಗಿರುವುದಿಲ್ಲವೆಂದು ನಮ್ಮವರೇ ಉಪಾಯ ಹೇಳಿದರು: ನಾನು ನಮ್ಮ ಅಡುಗೆಮನೆಯಿಂದಲೇ ಗೋಡೆ ತಟ್ಟುವುದು. ಒಂದು ಸಲ ತಟ್ಟಿದರೆ ಸರಿಯಿಲ್ಲ, ಎರಡು ಸಲ ತಟ್ಟಿದರೆ ಸರಿ.

ಎರಡು ವಾರ ನಾನು ಒಂದೊಂದೇ ತಟ್ಟಿದೆ. ನಾದದ ತಿರುಪು ಬಲಕ್ಕೆ ಹೋದರೆ ತಗಡು ಕೆರೆದ ಸದ್ದು, ಎಡಕ್ಕೆ ಹೋದರೆ ಕಂಬಳಿಯೊಳಗಿಂದ ಮಾತಾಡಿದ ಸದ್ದು. ಅಯಸ್ಕಾಂತ ತಂತಿಗೆ ಹತ್ತಿರವಾದರೆ ಬೊಗಳುತ್ತಿತ್ತು. ದೂರವಾದರೆ ಮುನಿಸಿಕೊಂಡಂತೆ ಗೊಣಗುತ್ತಿತ್ತು. ಬಾಟಲಿಗೆ ಅಂಟಿಸುವ ಚೀಟಿಗಳನ್ನು ಮಡಿಚಿ ಅಯಸ್ಕಾಂತದ ಕೆಳಗಿಟ್ಟು, ಒಂದೊಂದು ಚೀಟಿಯಷ್ಟು ಏರಿಸಿ ಇಳಿಸಿ ನೋಡುತ್ತಿದ್ದರು. ಇವೆಲ್ಲದರ ಹಿಂದೆ ಎಂಜಿನ್ನಿನ ಗುಂಯ್ ಬೇರೆ. ಎಂಜಿನ್ ನೋಡಿಕೊಳ್ಳುತ್ತಿದ್ದ ಗೋಣಿಬೀಡಿನ ಸಾಬರು ಪೆಟ್ಟಿಗೆಯಿಂದ ಒಂದು ತಂತಿ ಎಳೆದು ಹೊರಗಿನ ಒದ್ದೆ ಮಣ್ಣಿಗೆ ಹೂತರು. ಗುಂಯ್ ಅರ್ಧಕ್ಕೆ ಇಳಿಯಿತು. "ದಿನಾ ಒಂದು ಕೊಡ ನೀರು ಹಾಕಿ ಕಾಂಪೌಂಡ್ರೇ, ತುಳಸಿಗಿಡಕ್ಕೆ ಹಾಕಿದ ಹಾಗೆ," ಎಂದರು. ಹಾಕಿದರು, ತಪ್ಪದೆ.

ಯಾವ ತಿರುಪು ಎಲ್ಲಿತ್ತು ಎಂಬುದನ್ನು ಅವರು ಬರೆದಿಡುತ್ತಿದ್ದದ್ದು ರೋಗಿಗಳ ರಿಜಿಸ್ಟರಿನಲ್ಲಿ. ಬೇರೆ ಪುಸ್ತಕ ಇರಲಿಲ್ಲ. ತಿಂಗಳಿಗೊಮ್ಮೆ ತಪಾಸಣೆಗೆ ಬರುವ ಡಾಕ್ಟರು ಒಂದು ಸಂಜೆ ಅದನ್ನು ಓದಿ ಗಾಬರಿಯಾದರು.

"ಇದ್ಯಾರ್ರೀ? ಹದಿನಾಲ್ಕು ದಿನದಿಂದ ಮೂಗಿನ ಸ್ವರ, ಮಧ್ಯೆ ಬೊಗಳಿಕೆ, ಎರಡು ಚೀಟಿ ಇಳಿಸಿದ ಮೇಲೆ ಸ್ವಲ್ಪ ಗುಣ ಅಂತ ಬರ್ದಿದ್ದೀರಿ. ಎಲ್ಲಿದ್ದಾನೆ ರೋಗಿ?"

ಕಾಂಪೌಂಡರು ತಲೆ ತಗ್ಗಿಸಿ ಗಿಟಾರು ತಂದಿಟ್ಟರಂತೆ. ಇವತ್ತು ಕೆಲಸ ಹೋಯಿತು ಎಂದೇ ನಾನು ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆ. ಆಮೇಲೆ "ನುಡಿಸಿ" ಎಂದದ್ದು ಕೇಳಿಸಿತು. ಡಾಕ್ಟರು ಸ್ಟೆತಾಸ್ಕೋಪನ್ನು ಪೆಟ್ಟಿಗೆಗೆ ಹಿಡಿದು ಕೇಳಿದರಂತೆ. "ಗಂಟಲನ್ನ ಬಿಡಿ, ಎದೆ ನೋಡಿ. ಗೊರಗೊರ ಅಂತಿದೆ," ಎಂದರು. ಬಿಚ್ಚಿ ನೋಡಿದರೆ ಸ್ಪೀಕರಿನ ಕಾಗದವನ್ನು ಜಿರಳೆ ತಿಂದು ತೂತು ಮಾಡಿತ್ತು. ಗಾಯಕ್ಕೆ ಕಟ್ಟುವ ತೆಳುಬಟ್ಟೆಯನ್ನು ಅಂಟು ಹಾಕಿ ಮೆತ್ತಿದರು.

ಮರುದಿನ ಸಂಜೆ ನಾನು ಹುರುಳಿ ಬಸಿಯುತ್ತಿದ್ದೆ. ಗೋಡೆಯಾಚೆ ಯಾರೋ ಹಾಡತೊಡಗಿದರು. ಯಾರೋ ನೆಂಟರು ಬಂದಿರಬೇಕು ಎಂದುಕೊಂಡೆ. ಇಪ್ಪತ್ತೈದರ ಗಂಡಸಿನ ಕಂಠ, ತುಂಬಿದ್ದು, ಎಲ್ಲೂ ಒಡೆಯದ್ದು. ಅದು ಗಿಟಾರು ಎಂದು ತಿಳಿಯುವ ಹೊತ್ತಿಗೆ ನನ್ನ ಕೈಯಲ್ಲಿ ಪಾತ್ರೆ ಹಾಗೇ ಓರೆಯಾಗಿತ್ತು. ತಟ್ಟಬೇಕು ಎನ್ನುವುದೇ ಮರೆತುಹೋಯಿತು.

ಆಮೇಲೆ ಕಾಂಪೌಂಡರು ನಮ್ಮ ಬಾಗಿಲಿಗೆ ಬಂದರು. "ತಾಯಿ, ಒಂದು ಸಲವೂ ತಟ್ಲಿಲ್ಲ. ತಟ್ಟೋಕೂ ಆಗದಷ್ಟು ಕೆಟ್ಟದಾಗಿತ್ತಾ? ಎಲ್ಲ ತಿರುಗಿಸಿ ಮೊದಲಿಂದ ಶುರು ಮಾಡಿದೆ."

"ಅದೇ ಕಾಂಪೌಂಡ್ರೇ, ಅದೇ ಸರಿಯಾಗಿತ್ತು," ಎಂದೆ.

ಅವರ ಮುಖ ನೋಡಲಾಗಲಿಲ್ಲ. ಅವತ್ತಿನದನ್ನು ಅವರು ಬರೆದಿಟ್ಟಿರಲಿಲ್ಲ. ಸರಿ ಎಂದು ನಾನು ತಟ್ಟಿದ ಮೇಲೆ ಬರೆಯೋಣ ಎಂದು ಕಾದಿದ್ದರು.

ಆಮೇಲೆ ಹತ್ತು ಹನ್ನೆರಡು ದಿನ ಆ ಕಂಠವನ್ನು ಹುಡುಕಿದೆವು. ಹುಡುಕಿದೆವು ಎಂದೇ ಹೇಳಬೇಕು, ಏಕೆಂದರೆ ತಪ್ಪು ನನ್ನದು. ಚೀಟಿ ಎರಡಿತ್ತೋ ಮೂರೋ... ಪೆಟ್ಟಿಗೆ ಮೇಜಿನ ಮೇಲಿತ್ತೋ ನೆಲದ ಮೇಲೋ... ಸಾಬರೂ ಸೇರಿಕೊಂಡು ಎಂಜಿನ್ನಿನ ವೇಗವನ್ನು ಒಂದಿಷ್ಟು ಏರಿಸಿ ಇಳಿಸಿ ನೋಡಿದರು. ಬಂಗಲೆಯಲ್ಲಿ ದೀಪಗಳು ಮಿಣಮಿಣ ಎಂದದ್ದಕ್ಕೆ ದೊರೆಯಿಂದ ಬೈಸಿಕೊಂಡರು. ಅಷ್ಟರಲ್ಲಿ ಕುಯ್ಲು ಮುಗಿಯುತ್ತ ಬಂತು. ಕುಯ್ಲು ಮುಗಿದರೆ ಎಂಜಿನ್ ಇಲ್ಲ, ಮುಂದಿನ ವರ್ಷದವರೆಗೆ ಕರೆಂಟಿಲ್ಲ.

ಕೊನೆಯ ಸಂಜೆ ಬಂದ ಹಣ್ಣು ನಾಲ್ಕೇ ಬುಟ್ಟಿ. ಅದು ಅರ್ಧ ಗಂಟೆಗೂ ಸಾಲದು. ಸಾಬರು ಹಣ್ಣು ಮುಗಿದ ಮೇಲೂ ಬರೀ ನೀರು ಬಿಟ್ಟು ಪಲ್ಪರ್ ಓಡಿಸಿದರು. ಮೇಸ್ತ್ರಿ ಕೇಳಿದ್ದಕ್ಕೆ, "ವರ್ಷಕ್ಕೊಂದ್ಸಲ ಹೊಟ್ಟೆ ತೊಳೀಬೇಕು ಮಾರಾಯ," ಎಂದರಂತೆ. ಆ ಹೊತ್ತಿನಲ್ಲಿ ಗೋಡೆಯಾಚೆ ಇನ್ನೊಂದು ಕಂಠ ಹುಟ್ಟಿತು. ಮೊದಲಿನದಲ್ಲ. ಅದಕ್ಕಿಂತ ತಗ್ಗಿದ್ದು, ಅಂಚಿನಲ್ಲಿ ಸ್ವಲ್ಪ ಒರಟು, ಮೇಲಿನ ಸ್ವರಕ್ಕೆ ಹೋಗುವಾಗ ತುಸು ತಡವರಿಸುವಂಥದ್ದು. ಎರಡು ಸಲ ತಟ್ಟಬೇಕೋ ಒಂದು ಸಲವೋ ತೋಚದೆ ನಾನು ನೇರ ಡಿಸ್ಪೆನ್ಸರಿಗೇ ಹೋದೆ.

"ಅವತ್ತಿನದು ಹುಡುಗನ ಕಂಠ ಕಾಂಪೌಂಡ್ರೇ. ಇದು ಬೇರೆ," ಎಂದೆ.

ಅವರು ಸರಳನ್ನು ತಂತಿಯಿಂದ ಎತ್ತಲಿಲ್ಲ. "ಹುಡುಗನದು ತಗೊಂಡು ನಾನೇನು ಮಾಡ್ಲಿ ತಾಯಿ? ಗಂಟಲು ಹೋಗದಿದ್ರೆ ಈಗ ಹೀಗೇ ಇರ್ತಿತ್ತು. ಇದು ನಂದೇ," ಎಂದರು. ರಿಜಿಸ್ಟರು ತೆಗೆದು ಬರೆದರು. ಓದಿ ನೋಡಿದೆ. ತಿರುಪುಗಳ ಲೆಕ್ಕದ ಕೆಳಗೆ 'ರೋಗಿ ಗುಣವಾಗಿ ಮನೆಗೆ ಹೋದ' ಎಂದಿತ್ತು. ಎಂಜಿನ್ ನಿಲ್ಲುವವರೆಗೂ ನುಡಿಸಿದರು. ನಾನು ಹೊಸ್ತಿಲಲ್ಲೇ ಕೂತು ಕೇಳಿದೆ. ನಮ್ಮವರೂ ಬಂದು ಕೂತರು.

ಮುಂದಿನ ಕುಯ್ಲಿಗೆ ಮೊದಲೇ ಅವರಿಗೆ ಕಳಸದ ಕಡೆಯ ಎಸ್ಟೇಟೊಂದರಲ್ಲಿ ಕೆಲಸವಾಯಿತು. ಹೊಸ ಕಾಂಪೌಂಡರು ಬಂದರು. ಅವರ ಮಾತು ಲೈನಿನವರೆಗೂ ಕೇಳುತ್ತಿತ್ತು. ಕೆಲವು ವರ್ಷದ ನಂತರ ನಮ್ಮವರು ಕಳಸಕ್ಕೆ ಹೋದಾಗ ವಿಚಾರಿಸಿದರು. ಕಾಂಪೌಂಡರು ತೀರಿಕೊಂಡಿದ್ದರು. ಆ ಎಸ್ಟೇಟಿನಲ್ಲಿ ಕರೆಂಟೇ ಇರಲಿಲ್ಲವಂತೆ. ಗಿಟಾರು ಏನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ.

ಈಗ ನಮ್ಮವರೂ ಇಲ್ಲ, ಸಾಬರೂ ಇಲ್ಲ. ಆ ಸಂಜೆಯನ್ನು ಬಲ್ಲವರಲ್ಲಿ ಉಳಿದಿರುವುದು ನಾನೊಬ್ಬಳು. ಒಂದೇ ಸಂಜೆಯ ಮಟ್ಟಿಗಾದರೂ ಅವರು ಹಾಡಿದ್ದರು ಎಂದು ಹೇಳಲು ನಾನಾದರೂ ಇದ್ದೇನಲ್ಲ ಎಂದುಕೊಳ್ಳುತ್ತೇನೆ. ಆದರೆ ಹೇಗಿತ್ತೆಂದು ಕೇಳಿದವರಿಗೆ ಆ ಕಂಠವನ್ನು ಗುನುಗಿ ತೋರಿಸೋಣವೆಂದರೆ... ನನಗೆ ಬರುವುದಿಲ್ಲ.