ಮಾತು ಬಾರದ ಊರಿನಲ್ಲಿ ಮೋಟಾರಕ್ಕ

ಬೆಳಗಿನ ಐದೂಮುಕ್ಕಾಲು. ರಿಪೇರಿ ಶೆಡ್ಡಿನ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ ವಾರ್ನಿಷ್ ವಾಸನೆ, ಉರಿಯುತ್ತಿರುವ ಒಂದೇ ದೀಪ, ಅದರಡಿ ಸ್ಟೂಲಿನ ಮೇಲೆ ಕುಳಿತ ಹೆಂಗಸು. ಎದುರಿಗೆ ಕವಚ ಬಿಚ್ಚಿಟ್ಟ ನೀರೆತ್ತುವ ಮೋಟಾರು. ಎಡಗೈ ತಾಮ್ರದ ತಂತಿಯನ್ನು ಬಿಗಿಹಿಡಿದಿದೆ, ಬಲಗೈ ಸುತ್ತುಯಂತ್ರದ ಹಿಡಿಕೆ ತಿರುಗಿಸುತ್ತಿದೆ, ತುಟಿ ಅಲ್ಲಾಡುತ್ತಿದೆ. "ಐವತ್ತೆರಡು, ಐವತ್ಮೂರು..." ನಾನು ನಮಸ್ಕಾರ ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ತಡೀರಿ" ಎನ್ನುತ್ತಾರೆ, ತಲೆ ಎತ್ತದೆ.

ಲೆಕ್ಕ ಮುಗಿಸಿ, ತಂತಿ ಕತ್ತರಿಸಿ, ಆಮೇಲೆ ನಗುತ್ತಾರೆ. "ಎಣಿಸೋವಾಗ ಮಾತಾಡ್ಸಿದ್ರೆ ಮೊದಲಿಂದ ಶುರು ಮಾಡ್ಬೇಕು. ಅದಕ್ಕೇ ಇಲ್ಲಿಯವರೆಲ್ಲ ನನ್ನಿಂದ ಕಲ್ತಿರೋ ಮೊದಲನೇ ಕನ್ನಡ ಪದ 'ತಡಿ'. ಈಗ ಅವರವರೇ ಜಗಳ ಆಡುವಾಗ್ಲೂ 'ತಡಿ, ತಡಿ' ಅಂತಾರೆ."

ತವರೂರಿನವರ ಬಾಯಲ್ಲಿ ಇವರು ಮೋಟಾರಕ್ಕ. ವಯಸ್ಸು ನಲವತ್ತೊಂಬತ್ತು. ಸುಟ್ಟುಹೋದ ಮೋಟಾರಿನ ಹಳೆ ತಂತಿ ಕಿತ್ತು ಹೊಸದು ಸುತ್ತುವುದು ಕಸುಬು. ಹದಿನೇಳನೇ ವಯಸ್ಸಿನಲ್ಲಿ ಅಪ್ಪನ ಅಂಗಡಿಯಲ್ಲಿ ಕಲಿತದ್ದು. ಅಪ್ಪ ಕಲಿಸಿದ್ದು ಗಂಡುಮಕ್ಕಳಿಲ್ಲವೆಂದಲ್ಲ, ಅಣ್ಣಂದಿರಿಬ್ಬರೂ ಎಣಿಕೆ ತಪ್ಪುತ್ತಿದ್ದರೆಂದು. ಹನ್ನೊಂದು ವರ್ಷದ ಹಿಂದೆ, ವೆಲ್ಡರ್ ಆಗಿದ್ದ ಗಂಡನ ಜೊತೆ ಮಗಳನ್ನು ಕರೆದುಕೊಂಡು ಈ ದೇಶಕ್ಕೆ ಬಂದರು.

ಮೊದಲ ವರ್ಷ ಮನೆಯೊಳಗೇ ಕಳೆಯಿತು. ಎರಡನೇ ವರ್ಷ ವೆಲ್ಡಿಂಗ್ ಬೆಳಕಿಗೆ ಗಂಡನ ಕಣ್ಣು ಕೆಟ್ಟು, ಕೆಲಸ ಅರ್ಧಕ್ಕೆ ಇಳಿಯಿತು. ಮೋಟಾರಕ್ಕ ಚೀಟಿಯೊಂದನ್ನು ಹಿಡಿದು ಹೊರಟರು. ಕೆಳಗಿನ ಮನೆಯ ಟೀಚರಮ್ಮ ಇಲ್ಲಿನ ಭಾಷೆಯಲ್ಲಿ ಬರೆದುಕೊಟ್ಟಿದ್ದ ಚೀಟಿ: 'ನನಗೆ ಮೋಟಾರು ವೈಂಡಿಂಗ್ ಬರುತ್ತದೆ. ಒಮ್ಮೆ ಪರೀಕ್ಷಿಸಿ ನೋಡಿ.' ಆರು ವರ್ಕ್‌ಶಾಪ್‌ಗಳಲ್ಲಿ ಓದಿ ವಾಪಸು ಕೊಟ್ಟರು. ಒಬ್ಬರು ಕೈಗೆ ಪೊರಕೆ ಕೊಟ್ಟರು.

"ಗುಡಿಸೋದು ಕೀಳು ಅಂತಲ್ಲ. ನಮ್ಮನೆ ನಾನೇ ಗುಡಿಸ್ತೀನಿ. ಆದ್ರೆ ಇಪ್ಪತ್ತು ವರ್ಷ ಕಲ್ತಿರೋದು ಕೈಯಲ್ಲಿದೆ, ಬಾಯಲ್ಲಿ ಹೇಳೋಕೆ ಆಗ್ತಿಲ್ಲ. ಹೊಟ್ಟೆ ಉರಿಯಲ್ವಾ?"

ಏಳನೆಯದು ಈ ಶೆಡ್ಡು. ಯಜಮಾನರು ಚೀಟಿ ಓದಿದರು, ಇವರನ್ನು ಮೇಲಿಂದ ಕೆಳಗೆ ನೋಡಿದರು. ಮೋಟಾರಕ್ಕ ಗುಜರಿ ರಾಶಿಯಲ್ಲಿದ್ದ ಸುಟ್ಟ ಮೋಟಾರೊಂದನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡರು. ಯಜಮಾನರು ಏನೋ ಹೇಳಿ ಬಾಗಿಲ ಕಡೆ ಕೈ ಬೀಸಿದರು. ಮೋಟಾರಕ್ಕ ಆ ಮೋಟಾರನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೇಬಿಟ್ಟರು.

"ತಗೊಂಡು ಹೋಗಿ ಮಾಡ್ಕೊಂಡು ಬಾ ಅಂದ್ರು ಅಂದ್ಕೊಂಡೆ. ಅವರು ಅಂದಿದ್ದು, 'ಅದು ಗುಜರಿಗೆ ಹೋಗೋದು, ನೀನೂ ಹೋಗಮ್ಮ' ಅಂತ. ನಾಲ್ಕು ವರ್ಷ ಆದ್ಮೇಲೆ ಮಗಳು ಕೇಳಿ ತಿಳ್ಕೊಂಡು ಹೇಳಿದ್ಲು." ಅಷ್ಟರಲ್ಲಿ ಮನೆಯಿಂದ ಟೀ ತಂದು ಪಕ್ಕದಲ್ಲಿ ನಿಂತ ಗಂಡ ಸೇರಿಸುತ್ತಾರೆ: "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಥರ. ಇವಳು ಕಟ್ಟಿದ್ದಷ್ಟೇ ಅಲ್ಲ, ಹಾಲೂ ಕರ್ಕೊಂಡು ಬಂದ್ಲು."

ಹಳೆ ತಂತಿಯ ತುಂಡು ತೋರಿಸಿ ಗಂಡ ಅದೇ ದಪ್ಪದ ತಂತಿ ತಂದರು. ಊಟದ ಮೇಜಿನ ಮೇಲೆ ಎರಡು ದಿನ ವೈಂಡಿಂಗ್ ನಡೆಯಿತು. ವಾರ್ನಿಷ್ ಒಣಗಿಸಲು ಮೋಟಾರನ್ನು ಅಡುಗೆಮನೆಯ ಓವನ್ನಿನಲ್ಲಿ ಇಟ್ಟಾಗ ಮಹಡಿಯವರೆಲ್ಲ ಮೂಗು ಮುಚ್ಚಿಕೊಂಡು ಬಂದು ಬಾಗಿಲು ಬಡಿದರು. ಮೂರನೇ ದಿನ ಬೆಳಿಗ್ಗೆ ಯಜಮಾನರ ಮೇಜಿನ ಮೇಲಿಟ್ಟು ಕರೆಂಟು ಕೊಟ್ಟಾಗ ಮೋಟಾರು ತಿರುಗಿತು. ಯಜಮಾನರು ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಮೋಟಾರು ಬಿಸಿಯೇರಲಿಲ್ಲ, ನಡುಗಲೂ ಇಲ್ಲ. ಗೋಡೆಯ ಮೊಳೆಯಿಂದ ಒಂದು ಏಪ್ರನ್ ತೆಗೆದು ಕೊಟ್ಟರು.

ಕೆಲಸ ಸಿಕ್ಕಿತು, ಭಾಷೆ ಸಿಗಲಿಲ್ಲ. ಯಾರು ಏನೇ ಹೇಳಿದರೂ ಮೋಟಾರಕ್ಕ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಿದ್ದರು. "ಅರ್ಥ ಆಗ್ಲಿಲ್ಲ ಅಂದ್ರೆ ಕಳಿಸಿಬಿಡ್ತಾರೇನೋ ಅಂತ ಭಯ." ಆರನೇ ತಿಂಗಳಲ್ಲಿ ಲಾಂಡ್ರಿಯೊಂದರ ದೊಡ್ಡ ಮೋಟಾರಿಗೆ ಯಜಮಾನರು ಹೇಳಿದ ತಂತಿ ಜೋಡಣೆಯೇ ಬೇರೆ, ಇವರು ತಲೆಯಾಡಿಸಿ ಮಾಡಿದ್ದೇ ಬೇರೆ. ಅರ್ಧ ಗಂಟೆಯಲ್ಲಿ ಸುಟ್ಟು ಹೊಗೆಯಾಡುತ್ತ ಹಿಂದಕ್ಕೆ ಬಂತು.

"ಬೈಗುಳ ಒಂದೂ ಅರ್ಥ ಆಗ್ಲಿಲ್ಲ. ಮುಖ ಅರ್ಥ ಆಯ್ತು," ಎನ್ನುವಾಗ ಅವರ ದನಿ ತಗ್ಗುತ್ತದೆ. "ನಮ್ಮಪ್ಪ ಕಲ್ಸಿದ್ದಕ್ಕೆ ನಾನೇ ಮಸಿ ಬಳಿದ ಹಾಗಾಯ್ತು. ಕೈ ತಪ್ಪಲಿಲ್ಲ, ತಲೆ ಆಡ್ಸಿದ್ದು ತಪ್ಪು."

ಭಾನುವಾರ ಬೀಗದ ಕೈ ಕೇಳಿ ಪಡೆದು, ಒಬ್ಬರೇ ಕೂತು ಅದನ್ನು ಮತ್ತೆ ಸುತ್ತಿದರು. ಸೋಮವಾರದಿಂದ ತಲೆಯಾಡಿಸುವುದನ್ನು ಬಿಟ್ಟರು. ಮಗಳ ಚೌಕುಳಿ ಪುಸ್ತಕ ತಂದು, ಪ್ರತಿ ಮೋಟಾರಿನ ಜೋಡಣೆಯ ಚಿತ್ರವನ್ನು ಕೆಂಪು, ನೀಲಿ, ಹಸಿರು ಪೆನ್ನಿನಲ್ಲಿ ಬರೆದು ಯಜಮಾನರ ಮುಂದೆ ಹಿಡಿದರು. ಅವರು ಸರಿ ಗುರುತು ಹಾಕುವವರೆಗೆ ತಂತಿ ಮುಟ್ಟಲಿಲ್ಲ. ಮೊದಮೊದಲು ಯಜಮಾನರು ರೇಗಿದರು. ಎರಡು ತಿಂಗಳು ಒಂದು ಮೋಟಾರೂ ಹಿಂದಕ್ಕೆ ಬಾರದಿದ್ದಾಗ ಮಿಕ್ಕವರಿಗೂ ಒಂದೊಂದು ಚೌಕುಳಿ ಪುಸ್ತಕ ಹಂಚಿದರು.

ಈಗ ಕಪಾಟಿನಲ್ಲಿ ಅಂಥ ನಲವತ್ತೊಂದು ಪುಸ್ತಕಗಳಿವೆ. ದಿನಕ್ಕೆ ಎರಡು ದೊಡ್ಡ ಮೋಟಾರು, ಇಲ್ಲವೇ ಐದು ಸಣ್ಣವು ಅವರ ಕೈಯಿಂದ ಹೊರಬೀಳುತ್ತವೆ. ಆಸ್ಪತ್ರೆಯ ದೊಡ್ಡ ಫ್ಯಾನು, ಶಾಲೆಯ ನೀರಿನ ಪಂಪು, ಎತ್ತರದ ಮನೆಗಳ ಲಿಫ್ಟು, ಎಲ್ಲದರ ಒಡಲಲ್ಲೂ ಕನ್ನಡದಲ್ಲಿ ಎಣಿಸಿದ ಸುತ್ತುಗಳಿವೆ. ಕಳೆದ ತಿಂಗಳು ಇನ್ನಾವುದೋ ದೇಶದಿಂದ ಬಂದ ನಡುವಯಸ್ಸಿನ ಮೆಕ್ಯಾನಿಕ್ ಒಬ್ಬರನ್ನು ಯಜಮಾನರು ಇವರ ಪಕ್ಕದಲ್ಲೇ ಕೂರಿಸಿದ್ದಾರೆ. ಅವರ ಭಾಷೆ ಇವರಿಗೆ ಬಾರದು, ಇವರದು ಅವರಿಗೆ ಬಾರದು, ಇಲ್ಲಿನದು ಇಬ್ಬರಿಗೂ ಅಷ್ಟಕ್ಕಷ್ಟೇ. "ಮೊದಲ ದಿನ ಎಲ್ಲದಕ್ಕೂ ತಲೆಯಾಡಿಸ್ತಿದ್ರು. ಗಲ್ಲ ಹಿಡಿದು ನಿಲ್ಲಿಸಿ, ಪೆನ್ನು ಕೊಟ್ಟೆ."

ಹನ್ನೊಂದು ವರ್ಷದಲ್ಲಿ ಇಲ್ಲಿನ ಭಾಷೆ ಎಷ್ಟು ಬಂತು ಎಂದು ಕೇಳಿದರೆ ಬೆರಳು ಮಡಚುತ್ತಾರೆ. ಸರಿ, ಬೇಡ, ನಾಳೆ, ಬಿಸಿ, ಥ್ಯಾಂಕ್ಸು, ಊಟ. ಹಾಗಾದರೆ ಇನ್ನೇನು ಆಸೆ?

ಹೊಸ ತಂತಿಯ ತುದಿಯನ್ನು ಉಗುರಿನಿಂದ ಕೆರೆದು ನೋಡುತ್ತ ಯೋಚಿಸುತ್ತಾರೆ.

"ವರ್ಷಕ್ಕೊಂದು ಸಲ ಯಜಮಾನರು ಕಡಿಮೆ ದರ್ಜೆ ತಂತಿ ತರ್ತಾರೆ. ನಾನು ಬರೀ 'ಬೇಡ, ಬೇಡ' ಅಂತೀನಿ. ವಾಪಸ್ ಕಳಿಸ್ತಾರೆ, ಆದ್ರೆ ಯಾಕೆ ಬೇಡ ಅಂತ ನಂಗೆ ಹೇಳೋಕಾಗಲ್ಲ. ರಿಟೈರ್ ಆಗೋದ್ರೊಳಗೆ ಒಂದೇ ಒಂದು ಸಲ, ಅವರದೇ ಭಾಷೇಲಿ, ನಿಲ್ಲಿಸದೇ ಹತ್ತು ನಿಮಿಷ ಅವರ ಜೊತೆ ವಾದ ಮಾಡ್ಬೇಕು. ಗೆಲ್ಲೋದು ಹೇಗೂ ನಾನೇ."