ಅಕ್ಕನ ಅನುಮಾನ

ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಅಕ್ಕನ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಸ್ವಂತ ಅಕ್ಕನಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದರು; ವಿಜಯಪುರದ ಕಡೆಯವರು. ಮುಂಬೈ ಹತ್ತಿರದ ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಎಚ್‌ಐವಿ ಇರುವವರಿಗೆ ತಿಳಿವಳಿಕೆ ಹೇಳಿ ಗುಳಿಗೆ ಕೊಡಿಸುವ ಕೆಲಸ. ಕೊತ್ತಂಬರಿ ಕಟ್ಟು ಬಿಚ್ಚಿ ಒಳಗೆ ಹುಲ್ಲಿದೆಯೇನೋ ಎಂದು ನೋಡುವವರು. ರಿಕ್ಷಾದವನು ಕೇಳದೆಯೇ ಮೀಟರ್ ಹಾಕಿದರೆ ಅದಕ್ಕೂ ಗುಮಾನಿ. ಅಂಥವರ ಕೈಗೆ ನಾನು ಸಿಕ್ಕಿದ್ದೆ.

ನಾನು ಭಿವಂಡಿಯ ಗೋಡೌನಿನಲ್ಲಿ ಸೂಪರ್‌ವೈಸರ್. ಹೆಂಡತಿ ಗದಗಿನ ತವರಿಗೆ ಹೋಗಿದ್ದಾಗ ಮಾಡಬಾರದ್ದು ಮಾಡಿದೆ, ಸೋಂಕು ತಗುಲಿತು. ಅವಳ ರಕ್ತವನ್ನೂ ನೋಡಿಸಿದೆವು. ದೇವರು ದೊಡ್ಡವನು, ಅವಳಿಗೆ ಏನೂ ಇರಲಿಲ್ಲ. ಅತ್ತಳು, ಬೈದಳು, ಕೊನೆಗೆ ಷರತ್ತು ಹಾಕಿದಳು. ಒಂದು ಗುಳಿಗೆಯೂ ತಪ್ಪಬಾರದು, ಇನ್ನೊಂದು ಸುಳ್ಳು ಹೇಳಬಾರದು. ಹೇಳಿದರೆ ಮರುದಿನವೇ ಗದಗಿನ ಗಾಡಿ.

ಆರು ತಿಂಗಳು ಬಿಡದೆ ನುಂಗಿದೆ. ತಿಂಗಳಿಗೊಮ್ಮೆ ಅಕ್ಕ ಡಬ್ಬಿಯಲ್ಲಿ ಉಳಿದ ಗುಳಿಗೆಗಳನ್ನು ಮೇಜಿನ ಮೇಲೆ ಸುರಿದು ಎಣಿಸುತ್ತಿದ್ದರು. ನನ್ನದರಲ್ಲಿ ಒಂದೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಆದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಪರೀಕ್ಷೆ ಮಾಡಿದರೆ ಇಳಿದೇ ಇಲ್ಲ.

“ಖರೇ ನುಂಗೋರು ಒಂದೆರಡರೆ ಮರೀತಾರ,” ಎಂದರು ಅಕ್ಕ. “ನಿನ್ನ ಲೆಕ್ಕ ಇಷ್ಟು ಬರೋಬರಿ ಅದ ಅಂದ್ರ, ಎಣಿಸಿ ಮೋರಿಗೆ ಹಾಕಿ ಬರ್ತಿ.”

ಮೈಯೆಲ್ಲ ಉರಿದುಹೋಯಿತು. ಗುಳಿಗೆಯೇ ಖೋಟಾ ಇರಬೇಕು, ಈ ಹೆಂಗಸೇ ಡಬ್ಬಿ ಬದಲಿಸುತ್ತಿರಬೇಕು ಎಂದು ನಾನೂ ಅನುಮಾನಪಟ್ಟೆ. ಮನೆಯಲ್ಲಿ ಹೆಂಡತಿ ಪರೀಕ್ಷೆಯ ವರದಿ ನೋಡಿದ್ದೇ ಬ್ಯಾಗಿಗೆ ಸೀರೆ ತುಂಬತೊಡಗಿದಳು. ಇವನು ಮೂರು ತಿಂಗಳು ನನ್ನ ಕಣ್ಣೆದುರಿಗೇ ನುಂಗಲಿ, ಆಮೇಲೆ ಬೇಕಾದರೆ ಹೋಗುವಿಯಂತೆ ಎಂದು ಅವಳನ್ನು ತಡೆದವರೂ ಅಕ್ಕನೇ.

ಅಂದಿನಿಂದ ದಿನಾ ರಾತ್ರಿ ಎಂಟಕ್ಕೆ, ಭಾನುವಾರವೂ ತಪ್ಪದೆ, ಸ್ಟೇಷನ್ ರಸ್ತೆಯಲ್ಲಿ ಅಕ್ಕ ಕಾಯಿಪಲ್ಲೆ ಕೊಳ್ಳುವ ತರಕಾರಿಯವಳ ಪಕ್ಕ ನಿಂತು ಅವರೆದುರು ನುಂಗಬೇಕಾಯಿತು. ತರಕಾರಿಯವಳಿಗೆ ಬಿ.ಪಿ. ಗುಳಿಗೆ ಎಂದು ಹೇಳಿದ್ದೆವು. ಪಾಪ, ನನ್ನ ವಯಸ್ಸು ನೋಡಿ ಅವಳು ಮರುಗುತ್ತಿದ್ದಳು. ಅಕ್ಕನಿಗೆ ಅದ್ಯಾವ ಮರುಕವೂ ಇಲ್ಲ. ಕೆನ್ನೆಯಲ್ಲಿ ಅಡಗಿಸಿಕೊಂಡಿದ್ದರೆ ತಿಳಿಯಲಿ ಎಂದು ಹತ್ತು ನಿಮಿಷ ಸುಮ್ಮನೆ ಮಾತಾಡಿಸುತ್ತಿದ್ದರು. ಒಮ್ಮೆ ಮಳೆಗೆ ಭಿವಂಡಿಯ ರಸ್ತೆ ಕಟ್ಟಿಹೋಗಿ ಒಂದು ಗಂಟೆ ತಡವಾಗಿ ಬಂದೆ. ಛತ್ರಿ ಹಿಡಿದು ನಿಂತೇ ಇದ್ದರು. ತೊಯ್ದು ತೊಪ್ಪೆಯಾದ ನನ್ನನ್ನು ನೋಡಿ ಕರುಣೆ ಬಂತೇನೋ ಅಂದುಕೊಂಡೆ. ಗುಳಿಗೆ ನುಂಗಿಸಿ, “ನಾಲಿಗಿ ಎತ್ತು” ಎಂದರು.

ಮೂರು ತಿಂಗಳಾದರೂ ವೈರಸ್ ಇಳಿಯಲಿಲ್ಲ. ಡಾಕ್ಟರದು ಅದೇ ರಾಗ, ಇವನು ತಪ್ಪಿಸುತ್ತಾನೆ ಎಂದು. ಆವತ್ತು ಅಕ್ಕನ ಅನುಮಾನ ನನ್ನನ್ನು ಬಿಟ್ಟು ಔಷಧಿಯ ಮೇಲೆ ತಿರುಗಿತು. ಕಣ್ಣಾರೆ ಕಂಡಿದ್ದೇನೆ, ಬೇರೆ ಪರೀಕ್ಷೆ ಮಾಡಿಸಿ ಎಂದು ಡಾಕ್ಟರ ಜೊತೆ ಜಗಳಕ್ಕೇ ನಿಂತರು. ರಕ್ತ ದೊಡ್ಡ ಲ್ಯಾಬಿಗೆ ಹೋಯಿತು. ನನ್ನೊಳಗಿನ ವೈರಸ್‌ಗೆ ಆ ಔಷಧಿ ನಾಟುವುದೇ ಇಲ್ಲ ಎಂದು ವರದಿ ಬಂತು. ಮೊದಲಿನಿಂದಲೂ ಇಳಿಯದ್ದನ್ನು ನೋಡಿದರೆ, ಹಿಂದೆ ಯಾರದೋ ಮೈಯಲ್ಲಿ ಆ ಗುಳಿಗೆಗೆ ಪಳಗಿದ ವೈರಸ್ಸೇ ನನಗೆ ಬಂದಿರಬೇಕು ಎಂದರು ಡಾಕ್ಟರು.

ಅಕ್ಕ ನನ್ನ ಜೊತೆ ಮನೆಗೆ ಬಂದರು. ಹೆಂಡತಿಗೆ ವರದಿಯ ಮೇಲೆ ವಿಶ್ವಾಸವಿಲ್ಲ. ಕಾಗದದಲ್ಲಿ ಏನು ಬೇಕಾದರೂ ಬರೆಯುತ್ತಾರೆ, ನೀವು ಖರೇ ನೋಡೀರೇನ್ರಿ ಎಂದು ಕೇಳಿದಳು.

“ತೊಂಬತ್ತು ದಿನ ನೋಡೀನವಾ. ಇವನ್ನ ಸುಳ್ಳ ಹಿಡೀಬೇಕಂತನ ನಿಂತಿದ್ದೆ, ಆಗಲಿಲ್ಲ. ಇದರಾಗ ಇವ ಖರೇ ಮನಷ್ಯಾ.” ಆಮೇಲೆ ನನ್ನ ಕಡೆ ತಿರುಗಿ, “ತಪ್ಪ ನಂದು, ತಮ್ಮಾ,” ಎಂದರು.

ನನ್ನ ತಾಯಿ ಬಂದು ಹೇಳಿದ್ದರೂ ಹೆಂಡತಿ ನಂಬುತ್ತಿರಲಿಲ್ಲ. ಯಾರನ್ನೂ ನಂಬದ ಈ ಹೆಂಗಸು ಹೇಳಿದ್ದಕ್ಕೆ ನಂಬಿದಳು. ಔಷಧಿ ಬದಲಾಯಿತು, ನಾಟಿತು. ನನಗೆ ಸೋಂಕು ತಗುಲಿಸಿದ ಆ ಹೆಣ್ಣು ಗುಳಿಗೆ ಅರ್ಧಕ್ಕೆ ಬಿಟ್ಟಿರಬೇಕು ಎಂದು ನಾನು ಹಲ್ಲು ಕಡಿದಾಗ ಅಕ್ಕ, ಆಕೀಗೂ ಯಾರೋ ಕೊಟ್ಟಿರ್ತಾರ, ಬಿಡು ಎಂದು ಬಾಯಿ ಮುಚ್ಚಿಸಿದರು.

ಅಕ್ಕ ಹೋದ ವರ್ಷ ಹೃದಯಾಘಾತವಾಗಿ ತೀರಿಕೊಂಡರು. ಡೊಂಬಿವಲಿಯ ಅವರ ಮಗಳ ಮನೆಗೆ ಇಬ್ಬರೂ ಹೋದೆವು. ಅಮ್ಮ ನಿಮಗೆ ಹೇಗೆ ಗೊತ್ತು ಎಂದು ಮಗಳು ಕೇಳಿದಳು. ಅಕ್ಕನ ಕೆಲಸ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ನಿಜ ಹೇಳಿದರೆ ನನ್ನ ರೋಗವೂ ಗೊತ್ತಾಗುತ್ತದೆ. ನಾನು ಬಾಗಿಲಲ್ಲೇ ತಡವರಿಸಿದೆ. ಹೆಂಡತಿ ಮುಂದೆ ಹೋಗಿ ಆ ಹುಡುಗಿಯ ಕೈ ಹಿಡಿದುಕೊಂಡಳು.

“ಇವರು ನಿಮ್ಮ ಅವ್ವನ ಕಡೆ ಗುಳಿಗಿ ತಗೋತಿದ್ರವಾ,” ಎಂದಳು. “ನಾನು ಇವರ ಹೇಂತಿ.”